ಮರದೊಳಗಿನ ಸಂವತ್ಸರಗಳು

ಛಾಯಾಚಿತ್ರದಿಂದ ಮರದ ಉಂಗುರಗಳನ್ನು ಅಳೆಯುವ ವಿದ್ಯೆ

ಮಲೆನಾಡಿನ ಯಾವ ಹಳ್ಳಿಗೇ ಹೋಗಿ, ಊರ ಮುಂದಿನ ಹಿರಿಯ ಮರವೊಂದನ್ನು ತೋರಿಸಿ “ಇದರ ವಯಸ್ಸೆಷ್ಟು?” ಎಂದು ಕೇಳಿದರೆ ಉತ್ತರಗಳಿಗೇನೂ ಕೊರತೆಯಿರುವುದಿಲ್ಲ. “ನಮ್ಮ ಅಜ್ಜ ಹುಡುಗನಾಗಿದ್ದಾಗಲೇ ಇದು ಇಷ್ಟು ದಪ್ಪವಿತ್ತಂತೆ” ಎಂದು ಒಬ್ಬರು ಹೇಳಿದರೆ, “ಕೆಳದಿ ಅರಸರ ಕಾಲದ್ದು” ಎಂದು ಇನ್ನೊಬ್ಬರು ಹೇಳುತ್ತಾರೆ. ಇನ್ನೂರು, ಮುನ್ನೂರು, ಐನೂರು—ಮಾತು ಬಾಯಿಯಿಂದ ಬಾಯಿಗೆ ಹೋದಂತೆಲ್ಲ ಮರಕ್ಕೂ ವಯಸ್ಸೇರುತ್ತ ಹೋಗುತ್ತದೆ. ಮರ ಮಾತ್ರ ಸುಮ್ಮನೆ ನಿಂತಿರುತ್ತದೆ. ತನ್ನ ಜನ್ಮಪತ್ರಿಕೆಯನ್ನು ಅದು ಒಡಲೊಳಗೇ ಇಟ್ಟುಕೊಂಡಿದೆ. ವರ್ಷಕ್ಕೊಂದು ಸಾಲಿನಂತೆ, ಉಂಗುರದ ಲಿಪಿಯಲ್ಲಿ.

ವಿಷಾದದ ಸಂಗತಿಯೆಂದರೆ, ಆ ಬರಹ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಮರ ಉರುಳಿದ ಮೇಲೆ. ಉರುಳಿದ ಮೇಲೆ ಅದು ಬಹುಕಾಲ ಉಳಿಯುವುದೂ ಇಲ್ಲ. ದಿಮ್ಮಿಗಳು ಸಾಮಿಲ್ಲು ಸೇರಿ ಹಲಗೆಗಳಾಗುತ್ತವೆ. ನೆಲದಲ್ಲಿ ಉಳಿದ ಮೋಟು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಕಪ್ಪಾಗಿ, ಬಿರಿದು, ಪಾಚಿಗಟ್ಟುತ್ತದೆ. ನೂರು ವರ್ಷದ ಮಳೆ ಬಿಸಿಲುಗಳ ಕಡತ ಹೀಗೆ ಯಾರೂ ಓದದೆ ಅಳಿದುಹೋಗುತ್ತದೆ. ಇಂದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಮನೆಯಲ್ಲಿಯೂ ಮೊಬೈಲಿನ ರೂಪದಲ್ಲಿ ಛಾಯಾಚಿತ್ರ ತೆಗೆಯುವ ಸಾಧನವಿದೆ. ಕಡಿದ ಮರದ ಮುಖವನ್ನು ಅದರಲ್ಲಿ ಸೆರೆಹಿಡಿದು, ಆಮೇಲೆ ನಿಧಾನವಾಗಿ ಅಳೆದು, ಮರದ ಚರಿತ್ರೆಯನ್ನು ಉಳಿಸಿಕೊಳ್ಳಬಹುದೆ? ಉಳಿಸಿಕೊಳ್ಳಬಹುದು. ಆದರೆ ಅದಕ್ಕೆ ಕೆಲವು ನಿಯಮಗಳಿವೆ. ಅವುಗಳನ್ನು ಮೀರಿದ ಚಿತ್ರ ಸುಳ್ಳುಸಾಕ್ಷಿಯಾಗುತ್ತದೆ.

ಉಂಗುರ ಮೂಡುವ ಬಗೆ

ಮರದ ತೊಗಟೆಗೂ ಒಳಮರಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಂತ ಪದರವೊಂದಿದೆ. ವರ್ಷವರ್ಷವೂ ಅದು ಒಳಮಗ್ಗುಲಿಗೆ ಹೊಸ ಮರವನ್ನು ಕಟ್ಟುತ್ತ ಹೋಗುತ್ತದೆ. ವರ್ಷವಿಡೀ ಒಂದೇ ಸಮನೆ ಬೆಳೆಯುವ ಮರದಲ್ಲಿ ಈ ಕಟ್ಟಡಕ್ಕೆ ಗೆರೆ ಬೀಳುವುದಿಲ್ಲ. ಬೆಳೆದು, ನಿಂತು, ಮತ್ತೆ ಬೆಳೆಯುವ ಮರದಲ್ಲಿ ಮಾತ್ರ ನಿಂತ ಕಡೆಯಲ್ಲೊಂದು ಗೆರೆ ಉಳಿಯುತ್ತದೆ. ಚಳಿದೇಶಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸುವುದು ಹಿಮ. ನಮ್ಮಲ್ಲಿ ನಿಲ್ಲಿಸುವುದು ಬೇಸಗೆ.

ತೇಗ ಇದಕ್ಕೆ ಉತ್ತಮ ನಿದರ್ಶನ. ಬೇಸಗೆಯಲ್ಲಿ ಅದು ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮೊದಲ ಮಳೆಗಳು ಬೀಳುತ್ತಲೇ ಚಿಗುರಿ, ನೀರೆಳೆಯಲು ದೊಡ್ಡ ದೊಡ್ಡ ನಾಳಗಳನ್ನು ಸಾಲಾಗಿ ಕಟ್ಟಿಕೊಳ್ಳುತ್ತದೆ. ಋತು ಮುಂದುವರಿದಂತೆ ನಾಳಗಳು ಸಣ್ಣವಾಗಿ ಮರ ಬಿಗಿಯಾಗುತ್ತದೆ. ಮರುವರ್ಷ ಮತ್ತೆ ದೊಡ್ಡ ನಾಳಗಳ ಸಾಲು. ಬಿಗಿಯಾದ ಹಳೆಯ ಮರ ಮುಗಿದು ದೊಡ್ಡ ನಾಳಗಳ ಹೊಸ ಸಾಲು ತೊಡಗುವ ಅಂಚೇ ಒಂದು ವರ್ಷದ ಗಡಿ.

ಎಲ್ಲ ಮರಗಳೂ ಇಷ್ಟು ಶಿಸ್ತಾಗಿ ಲೆಕ್ಕ ಬರೆಯುವುದಿಲ್ಲ. ಘಟ್ಟದ ಅಂಚಿನ ನಿತ್ಯಹಸುರು ಕಾಡಿನ ಅನೇಕ ಮರಗಳಲ್ಲಿ ಗೆರೆಗಳು ಅಸ್ಪಷ್ಟ. ಇನ್ನು ಅಡಕೆ ತೆಂಗುಗಳಿಗೆ ಇಂತಹ ಉಂಗುರಗಳೇ ಇಲ್ಲ. ಅಡಕೆಯ ಮರದ ಹೊರಮೈಮೇಲೆ ಕಾಣುವ ಬಳೆಗಳು ಹಾಳೆ ಕಳಚಿಬಿದ್ದ ಗುರುತುಗಳು. ಅವು ಬಿದ್ದ ಹಾಳೆಗಳ ಲೆಕ್ಕವೇ ಹೊರತು ಕಳೆದ ವರ್ಷಗಳ ಲೆಕ್ಕವಲ್ಲ. ಆದುದರಿಂದ ವರದಹಳ್ಳಿಯ ಸುತ್ತಿನ ತೋಟಗಳಲ್ಲಿ ಕಾಲವನ್ನು ಹುಡುಕಹೊರಟವರು ತೋಟವನ್ನು ದಾಟಿ ತೇಗದ ಬಳಿಗೆ ಹೋಗಬೇಕು. ಸಾಗರದಿಂದ ಪೂರ್ವಕ್ಕೆ, ಶಿವಮೊಗ್ಗದ ಕಡೆಗೆ ಸರಿದಂತೆಲ್ಲ ಎಲೆಯುದುರುವ ಕಾಡು ಹೆಚ್ಚುತ್ತದೆ, ಉಂಗುರಗಳೂ ಸ್ಪಷ್ಟವಾಗುತ್ತವೆ.

ತೇಲುವ ಕಾಲಗಣನೆ

ಮರದ ಉಂಗುರಗಳನ್ನು ಎಣಿಸುವುದು ಹಳೆಯ ರೂಢಿ. ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ ೧೮೮೧ರಲ್ಲಿ ಹೊರತಂದ ಭಾರತದ ನಾಟಾಮರಗಳ ಕೈಪಿಡಿಯಲ್ಲಿ, ಹಲವು ಮರಗಳಿಗೆ ಒಂದು ಅಂಗುಲದ ಅಂತರದಲ್ಲಿ ಎಷ್ಟು ಉಂಗುರಗಳಿವೆಯೆಂದು ಕಾಣಿಸಿದ್ದಾನೆ. ಆದರೆ ಎಣಿಕೆಯನ್ನು ಶಾಸ್ತ್ರವನ್ನಾಗಿ ಮಾಡಿದವನು ಖಗೋಳವಿಜ್ಞಾನಿಯಾದ ಎ. ಇ. ಡಗ್ಲಸ್. ಸೂರ್ಯನ ಕಲೆಗಳ ಏರಿಳಿತಕ್ಕೂ ಭೂಮಿಯ ಮಳೆಗೂ ಸಂಬಂಧವಿದೆಯೇ ಎಂದು ತಿಳಿಯಲು ಹಳೆಯ ಮಳೆಯ ದಾಖಲೆ ಬೇಕಾಗಿ, ೧೯೦೪ರಲ್ಲಿ ಅಮೆರಿಕದ ಅರಿಜೋನ ಸೀಮೆಯಲ್ಲಿ ಅವನು ಮರಗಳ ಕಡೆಗೆ ತಿರುಗಿದನು. ಬೇರೆ ಬೇರೆ ಕಡೆಯ ಮರಗಳಲ್ಲಿ ಅಗಲ ಕಿರಿದುಗಳ ಒಂದೇ ವಿನ್ಯಾಸ ಕಾಣಿಸಿಕೊಳ್ಳುವುದನ್ನು ಗುರುತಿಸಿದ್ದು ಅವನ ದೊಡ್ಡ ಸಾಧನೆ.

ಆ ಸೀಮೆಯ ಪ್ರಾಚೀನ ಜನರ ಪಾಳುಮನೆಗಳ ತೊಲೆಗಳಲ್ಲಿಯೂ ಉಂಗುರಗಳಿದ್ದುವು. ಅವುಗಳನ್ನು ಒಂದಕ್ಕೊಂದು ಹೊಂದಿಸಿದ್ದಾಯಿತು. ಆದರೆ ಅವು ಯಾವ ಶತಮಾನಕ್ಕೆ ಸೇರಿದವೆಂಬುದು ಮಾತ್ರ ತಿಳಿಯಲಿಲ್ಲ. ಶಾಸನಗಳನ್ನು ಓದುವವರಿಗೆ ಈ ಕಷ್ಟ ಹೊಸದಲ್ಲ. ಶಾಸನವೊಂದರಲ್ಲಿ ‘ಧಾತು ಸಂವತ್ಸರ’ ಎಂಬಷ್ಟೇ ಉಳಿದು ಶಕವರ್ಷದ ಅಂಕಿ ಅಳಿಸಿಹೋಗಿದ್ದರೆ ಏನು ಮಾಡುವುದು? ಧಾತು ೧೮೭೬ರಲ್ಲಿಯೂ ಬಂದಿತು, ೧೯೩೬ರಲ್ಲಿಯೂ ಬಂದಿತು, ೧೯೯೬ರಲ್ಲಿಯೂ ಬಂದಿತು. ಡಗ್ಲಸ್‌ನ ತೊಲೆಗಳ ಕಾಲಗಣನೆಯೂ ಹೀಗೆಯೇ ಲಂಗರಿಲ್ಲದೆ ತೇಲುತ್ತಿತ್ತು. ೧೯೨೯ರಲ್ಲಿ ಷೋ ಲೋ ಎಂಬ ಊರಿನಲ್ಲಿ ದೊರೆತ, ಸುಟ್ಟು ಇದ್ದಿಲಾಗಿದ್ದ ಒಂದು ತುಂಡು ತೊಲೆ ಹಳೆಯ ಸಾಲನ್ನೂ ಹೊಸ ಸಾಲನ್ನೂ ಬೆಸೆಯಿತು. ಅಂದೇ ಆ ಪಾಳುಮನೆಗಳಿಗೆಲ್ಲ ಇಸವಿ ದೊರೆಯಿತು.

ತೇಗದ ಸರದಿ ಬಂದುದು ಜಾವಾ ದ್ವೀಪದಲ್ಲಿ. ಅಲ್ಲಿನ ತೇಗಗಳಿಂದ ೧೫೧೪ರಿಂದ ೧೯೨೯ರವರೆಗಿನ ಉಂಗುರಗಳ ಸಾಲನ್ನು ಬೆರ್ಲಾಗೆ ಎಂಬ ವಿಜ್ಞಾನಿ ೧೯೩೧ರಲ್ಲಿ ಪ್ರಕಟಿಸಿದನು. ನಮ್ಮ ನೆರೆಯ ಕೇರಳದ ತೇಗಗಳನ್ನು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಎಚ್. ಪಿ. ಬೋರ್ಗಾಂವ್‌ಕರ್ ಮತ್ತು ಸಂಗಡಿಗರು ಅಭ್ಯಾಸ ಮಾಡಿ, ೫೨೩ ವರ್ಷಗಳಷ್ಟು ಉದ್ದದ ದಾಖಲೆಯನ್ನು ೨೦೧೦ರಲ್ಲಿ ಮುಂದಿಟ್ಟರು. ಮುಂಗಾರು ಕೈಕೊಟ್ಟ ಎಲ್ ನಿನೋ ವರ್ಷಗಳಲ್ಲಿ ಕಿರಿದಾದ ಉಂಗುರಗಳು ಮತ್ತೆ ಮತ್ತೆ ಕಾಣಿಸಿಕೊಂಡುದು ಅದರ ಮುಖ್ಯ ಫಲಿತಾಂಶ. ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರೂ ಪಶ್ಚಿಮ ಘಟ್ಟದ ತೇಗದ ಉಂಗುರಗಳಲ್ಲಿ ಬರಗಾಲದ ವರ್ಷಗಳನ್ನು ಹುಡುಕಿದ್ದಾರೆ. ಹೀಗಿರಲಾಗಿ, ನಮ್ಮ ಸೀಮೆಯಲ್ಲಿ ಉರುಳುವ ಒಂದೊಂದು ಹಳೆಯ ತೇಗವೂ ಈ ದೊಡ್ಡ ಗ್ರಂಥದ ಒಂದೊಂದು ಪ್ರತಿಯೆಂದು ತಿಳಿಯಬೇಕು.

ಮೊದಲು ವರ್ಷ, ಆಮೇಲೆ ಮಿಲಿಮೀಟರು

‘ನಿಖರವಾದ ಅಳತೆ’ ಎಂದೊಡನೆ ನಮಗೆ ದಶಾಂಶ ಬಿಂದುವಿನ ಮುಂದಿನ ಅಂಕಿಗಳು ನೆನಪಾಗುತ್ತವೆ. ಪ್ರಯೋಗಾಲಯಗಳ ಅಳತೆಮೇಜುಗಳು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲನ್ನೂ ತೋರಿಸುತ್ತವೆ, ನಿಜ. ಆದರೆ ಈ ವಿದ್ಯೆಯಲ್ಲಿ ನಿಖರತೆಯ ಮೊದಲ ಅರ್ಥ ಅದಲ್ಲ.

ತಾಳೆಗರಿಯ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರ ಕೆಲಸವನ್ನು ನೆನೆಯಿರಿ. ಲಿಪಿಕಾರನ ಅಕ್ಷರ ಒಟ್ಟಾರೆ ದಪ್ಪವಾಗಿದ್ದರೂ ಸಣ್ಣದಾಗಿದ್ದರೂ ಪದ್ಯಕ್ಕೆ ಬಾಧಕವಿಲ್ಲ, ಓದಬಹುದು. ಆದರೆ ನಡುವೆ ಒಂದಕ್ಷರವನ್ನು ಅವನು ಬಿಟ್ಟನೆಂದರೆ ಛಂದಸ್ಸು ಕೆಟ್ಟಿತು. ಅಲ್ಲಿಂದ ಮುಂದೆ ಗಣಗಳೆಲ್ಲ ಸ್ಥಾನ ತಪ್ಪುತ್ತವೆ. ಮರದ ವಿಷಯವೂ ಹಾಗೆಯೇ. ಅಗಲವಾದ ಉಂಗುರವನ್ನು ಗುರುವೆಂದೂ ಕಿರಿದಾದುದನ್ನು ಲಘುವೆಂದೂ ಭಾವಿಸೋಣ. ಎಲ್ಲ ಅಗಲಗಳನ್ನೂ ನೂರಕ್ಕೆ ಐದರಷ್ಟು ಕಡಮೆಯಾಗಿ ಅಳೆದರೂ ಗುರು ಗುರುವೇ, ಲಘು ಲಘುವೇ; ವಿನ್ಯಾಸ ಕೆಡುವುದಿಲ್ಲ. ಆದರೆ ಕಿರಿದಾದ ಒಂದೇ ಒಂದು ಉಂಗುರ ಕಣ್ತಪ್ಪಿತೋ, ಅದಕ್ಕಿಂತ ಒಳಗಿನ ಎಲ್ಲ ವರ್ಷಗಳೂ ಒಂದೊಂದು ಮನೆ ಸರಿದುಬಿಡುತ್ತವೆ. ೧೯೧೮ರ ಬರಗಾಲ ೧೯೧೯ಕ್ಕೆ ಹೋಗುತ್ತದೆ. ೧೮೭೬–೭೮ರ ಧಾತು–ಈಶ್ವರ ಬರ ತನ್ನ ಸ್ಥಾನದಲ್ಲಿ ಇಲ್ಲವಾಗುತ್ತದೆ.

ಕಿರಿದಾದ ಉಂಗುರವೇ ಕಣ್ತಪ್ಪುವುದು ಹೆಚ್ಚು. ಬರಗಾಲವನ್ನು ಹೇಳುವುದೂ ಅದೇ ಉಂಗುರವೇ. ನಾವು ಯಾವುದನ್ನು ಹುಡುಕುತ್ತಿದ್ದೇವೆಯೋ ಅದೇ ನಮ್ಮಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ! ತೇಗ ಇನ್ನೊಂದು ಬಗೆಯಲ್ಲಿಯೂ ಮೋಸ ಮಾಡಬಲ್ಲುದು. ಬೇಸಗೆಯ ನಡುವೆ ಅಡ್ಡಮಳೆ ಬಂದು, ಮರ ಚಿಗುರಿ, ಮತ್ತೆ ಒಣಹವೆ ಹೊಡೆದು ಬೆಳವಣಿಗೆ ನಿಂತರೆ ಒಂದೇ ವರ್ಷದಲ್ಲಿ ಎರಡು ಗೆರೆಗಳು ಬೀಳುವುದುಂಟು. ಎಲೆ ತಿನ್ನುವ ಹುಳುಗಳ ಹಾವಳಿಯಿಂದಲೂ ಹೀಗಾಗಬಹುದು. ಇದಕ್ಕೆ ಪರಿಹಾರ ಗ್ರಂಥಸಂಪಾದಕರ ಪರಿಹಾರವೇ: ಒಂದು ಪ್ರತಿಯನ್ನು ನಂಬದೆ ಹಲವು ಪ್ರತಿಗಳ ಪಾಠಗಳನ್ನು ಹೋಲಿಸುವುದು. ಒಂದೇ ಮರದಲ್ಲಿ ಎರಡು ಮೂರು ದಿಕ್ಕುಗಳಲ್ಲಿ ಅಳೆಯಬೇಕು; ಒಂದೇ ಕಾಡಿನ ಹತ್ತಾರು ಮರಗಳನ್ನು ಒಂದಕ್ಕೊಂದು ಹೊಂದಿಸಬೇಕು. ಹೊಂದಿದ ಮೇಲೆಯೇ ಇಸವಿ ಬರೆಯಬೇಕು.

ಚಿತ್ರ ಹೇಳುವ ಸುಳ್ಳುಗಳು

ಸಾಗರದಿಂದ ವರದಹಳ್ಳಿಗೆ ಹೋಗುವ ದಾರಿಯ ಬದಿಯಲ್ಲಿ ಆಷಾಢದ ಗಾಳಿಗೆ ತೇಗವೊಂದು ಉರುಳಿ, ಅದನ್ನು ಗರಗಸದಿಂದ ಕೊಯ್ದಿದ್ದಾರೆಂದು ಭಾವಿಸೋಣ. ನಡುಬಿಂದುವಿನಿಂದ ತೊಗಟೆಗೆ ೩೦ ಸೆಂಟಿಮೀಟರು, ಉಂಗುರಗಳು ೭೫. ಅಂದರೆ ಸರಾಸರಿ ಒಂದು ಉಂಗುರಕ್ಕೆ ೪ ಮಿಲಿಮೀಟರು. ನಾವು ಮೊಬೈಲು ಹಿಡಿದು ನಿಂತಿದ್ದೇವೆ. ಏನೇನು ತಪ್ಪಬಹುದು?

ಮೊದಲನೆಯದು ಅಳತೆಪಟ್ಟಿಯ ಸ್ಥಾನ. ಚಿತ್ರದಲ್ಲಿ ಅಳತೆಪಟ್ಟಿಯಿಲ್ಲದಿದ್ದರೆ ಅದು ನೋಡುವ ಚಿತ್ರವೇ ಹೊರತು ಅಳೆಯುವ ಚಿತ್ರವಲ್ಲ. ಪಟ್ಟಿ ಮರದ ಮೈಯ ಮಟ್ಟದಲ್ಲಿಯೇ ಇರಬೇಕು. ಮೊಬೈಲು ಮರದಿಂದ ೫೦ ಸೆಂಟಿಮೀಟರು ದೂರದಲ್ಲಿದ್ದು, ಪಟ್ಟಿ ಮಾತ್ರ ೨ ಸೆಂಟಿಮೀಟರು ಮೇಲೆದ್ದಿದ್ದರೆ ಪಟ್ಟಿಯ ಗೆರೆಗಳು ದೊಡ್ಡದಾಗಿ ಕಾಣುತ್ತವೆ. ಅದನ್ನು ನಂಬಿ ಅಳೆದರೆ ೪ ಮಿಲಿಮೀಟರಿನ ಉಂಗುರ ೩.೮೪ ಎಂದು ಬರುತ್ತದೆ.

ಎರಡನೆಯದು ಓರೆ. ಇದು ಮೊದಲನೆಯದಕ್ಕಿಂತ ಕೇಡಿನದು. ಮೊಬೈಲನ್ನು ವಾರೆಯಾಗಿ ಹಿಡಿದುದರಿಂದ ಮರದ ನಡುಬಿಂದು ೪೭ ಸೆಂಟಿಮೀಟರು ದೂರದಲ್ಲಿಯೂ ತೊಗಟೆಯ ಅಂಚು ೫೩ ಸೆಂಟಿಮೀಟರು ದೂರದಲ್ಲಿಯೂ ಇವೆಯೆನ್ನಿ. ಆಗ ಒಂದೇ ಅಗಲದ ಉಂಗುರಗಳು ನಡುವಿನಲ್ಲಿ ಅಗಲವಾಗಿಯೂ ಅಂಚಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಿರಿದಾಗಿಯೂ ಕಾಣುತ್ತವೆ. ಮರ ಬರಬರುತ್ತ ಸೊರಗಿತೆಂದೂ ಮಳೆ ಕಡಮೆಯಾಗುತ್ತ ಬಂದಿತೆಂದೂ ನಾವು ಊಹಿಸಿಬಿಡಬಹುದು. ಸೊರಗಿದ್ದು ಮರವಲ್ಲ, ವಾರೆಯಾದದ್ದು ಕೈ! ಎಲ್ಲ ಕಡೆಗೂ ಒಂದೇ ಸಮನಾಗಿ ಬೀಳುವ ತಪ್ಪನ್ನು ಆಮೇಲೆ ಗುಣಿಸಿ ಸರಿಪಡಿಸಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುತ್ತ ಹೋಗುವ ತಪ್ಪು ಚರಿತ್ರೆಯನ್ನೇ ತಿರುಚುತ್ತದೆ. ನಡುಬಿಂದುವಿನ ಬಳಿಯೊಂದು, ತೊಗಟೆಯ ಬಳಿಯೊಂದು, ಹೀಗೆ ಎರಡು ಪಟ್ಟಿಗಳನ್ನು ಇಟ್ಟರೆ ಓರೆ ಬಯಲಾಗುತ್ತದೆ: ಎರಡರ ಸೆಂಟಿಮೀಟರುಗಳೂ ಚಿತ್ರದಲ್ಲಿ ಸಮನಾಗಿರಬೇಕು.

ಮೂರನೆಯದು ಮಸೂರದ ದೋಷ. ಚಿತ್ರದ ನಡುವೆ ನೇರವಾಗಿ ಕಾಣುವುದು ಅಂಚಿನಲ್ಲಿ ಬಾಗುತ್ತದೆ. ತೀರ ಹತ್ತಿರದಿಂದ ತೆಗೆದರೆ ಇನ್ನೂ ಹೆಚ್ಚು. ಆದುದರಿಂದ ಅಳೆಯಬೇಕಾದ ಭಾಗ ಚಿತ್ರದ ನಡುವಿನಲ್ಲಿರಲಿ, ಅಂಚನ್ನು ಬಿಟ್ಟುಬಿಡಿ.

ನಾಲ್ಕನೆಯದು ಸೂಕ್ಷ್ಮತೆ. ಛಾಯಾಚಿತ್ರವು ಚುಕ್ಕೆಗಳ ಜಾಲ. ಅಡ್ಡಲಾಗಿ ೪,೦೦೦ ಚುಕ್ಕೆಗಳಿರುವ ಚಿತ್ರದಲ್ಲಿ ೩೦ ಸೆಂಟಿಮೀಟರನ್ನೂ ಒಮ್ಮೆಗೇ ತುಂಬಿಸಿದರೆ ಒಂದು ಚುಕ್ಕೆಗೆ ೦.೦೭೫ ಮಿಲಿಮೀಟರು ಬೀಳುತ್ತದೆ. ಅರ್ಧ ಮಿಲಿಮೀಟರಿನ ಬರಗಾಲದ ಉಂಗುರಕ್ಕೆ ದೊರೆಯುವುದು ಆರೇಳು ಚುಕ್ಕೆ ಮಾತ್ರ. ಅದರಲ್ಲಿ ನಾಳಗಳನ್ನು ಗುರುತಿಸುವುದೆಂತು? ಬದಲಾಗಿ ೮ ಸೆಂಟಿಮೀಟರಿನಂತೆ, ಒಂದರ ಮೇಲೊಂದು ೨ ಸೆಂಟಿಮೀಟರು ಹಾಯುವಂತೆ ಐದು ಚಿತ್ರಗಳನ್ನು ತೆಗೆದರೆ ಒಂದು ಚುಕ್ಕೆಗೆ ೦.೦೨ ಮಿಲಿಮೀಟರು ಬರುತ್ತದೆ. ಕಾಗದಪತ್ರಗಳ ಪ್ರತಿ ತೆಗೆಯುವ ಸ್ಕ್ಯಾನರಿನಲ್ಲಿ ಅಂಗುಲಕ್ಕೆ ೧,೨೦೦ ಚುಕ್ಕೆಗಳನ್ನಿಟ್ಟರೂ ಹೆಚ್ಚುಕಡಮೆ ಇದೇ ಸೂಕ್ಷ್ಮತೆ. ಮರದಿಂದ ತೆಳುವಾದ ಪಟ್ಟಿಯೊಂದನ್ನು ಕೊಯ್ದು ತರಲು ಸಾಧ್ಯವಾದರೆ ಸ್ಕ್ಯಾನರೇ ಮೇಲು. ಅದರಲ್ಲಿ ಓರೆಯ ತೊಂದರೆ ಕಡಮೆ.

ಇಷ್ಟೆಲ್ಲ ಮಾಡುವ ಮೊದಲು ಮರದ ಮೈ ಓದುವಂತಿರಬೇಕು. ಗರಗಸದ ಗೀರುಗಳ ನಡುವೆ ಉಂಗುರಗಳು ಮುಚ್ಚಿಹೋಗಿರುತ್ತವೆ. ಬಡಗಿಯ ಕೀಸುಳಿಯಿಂದ ಒಂದು ಪಟ್ಟಿಯಷ್ಟನ್ನು ನಯಮಾಡಿ, ಒರಟಿನಿಂದ ನುಣುಪಿನವರೆಗೆ ಮರಳುಕಾಗದದಿಂದ ಉಜ್ಜಿ, ದೂಳನ್ನು ಊದಿ ತೆಗೆಯಬೇಕು. ಸೀಮೆಸುಣ್ಣದ ಪುಡಿಯನ್ನು ಸವರಿ ಒರಸಿದರೆ ದೊಡ್ಡ ನಾಳಗಳಲ್ಲಿ ಅದು ಉಳಿದು ವರ್ಷದ ಗಡಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಕಲ್ಲಿನ ಶಾಸನವನ್ನು ತೊಳೆದು, ಕಾಗದವನ್ನು ಹೊದಿಸಿ, ಮಸಿಯ ಪಡಿಯಚ್ಚು ತೆಗೆಯುವಾಗ ಎಷ್ಟು ಶ್ರದ್ಧೆ ಬೇಕೋ ಇಲ್ಲಿಯೂ ಅಷ್ಟೇ ಬೇಕು. ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಶಾಸನಗಳನ್ನು ಬಿ. ಎಲ್. ರೈಸ್ ೧೯೦೪ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಲಿನ ಬರಹಕ್ಕೆ ಅಂದು ದೊರೆತ ಆ ಗೌರವ ಮರದ ಬರಹಕ್ಕೂ ಸಲ್ಲಬೇಕು.

ಪರದೆಯ ಮೇಲಿನ ಎಣಿಕೆ

ಚಿತ್ರ ಸಿದ್ಧವಾದ ಮೇಲೆ ಅಳೆಯುವುದು ಗಣಕಯಂತ್ರದಲ್ಲಿ. ಸ್ವೀಡನ್ನಿನ ಕೂರೆಕಾರ್ಡರ್, ಕೆನಡದ ವಿನ್‌ಡೆಂಡ್ರೊ ಮೊದಲಾದ ತಂತ್ರಾಂಶಗಳು ಇದಕ್ಕಾಗಿಯೇ ಹುಟ್ಟಿದವು; ಅಮೆರಿಕದ ಇಮೇಜ್‌ಜೆ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಪಟ್ಟಿಯ ಮೇಲಿನ ತಿಳಿದ ಅಂತರವನ್ನು ಮೊದಲು ಯಂತ್ರಕ್ಕೆ ತಿಳಿಸಿ, ಆಮೇಲೆ ಪ್ರತಿಯೊಂದು ಗಡಿಯ ಮೇಲೆಯೂ ಒಂದೊಂದು ಚುಕ್ಕೆಯನ್ನಿಡುತ್ತ ಹೋದರೆ ಅಗಲಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಉಂಗುರಗಳು ಕಂಪಾಸಿನಿಂದ ಎಳೆದ ವೃತ್ತಗಳಲ್ಲ, ಅಲ್ಲಲ್ಲಿ ಬಳುಕುತ್ತವೆ. ಅಳೆಯುವ ಗೆರೆ ಉಂಗುರವನ್ನು ಲಂಬವಾಗಿ ದಾಟಬೇಕು. ೩೦ ಡಿಗ್ರಿಯಷ್ಟು ಓರೆಯಾಗಿ ದಾಟಿದರೆ ೪ ಮಿಲಿಮೀಟರಿನ ಉಂಗುರ ೪.೬ ಎಂದು ತೋರುತ್ತದೆ. ಅನುಮಾನದ ಗೆರೆ ಸಿಕ್ಕಿದಾಗ ಅದನ್ನು ಚಿತ್ರದಲ್ಲಿ ಸುತ್ತಲೂ ಹಿಂಬಾಲಿಸಬೇಕು. ಮರವನ್ನು ಪೂರ್ತಿಯಾಗಿ ಸುತ್ತಿಬಂದರೆ ಅದು ವರ್ಷವಾಗಿರುವ ಸಂಭವ ಹೆಚ್ಚು. ನಡುವೆ ಮಸುಕಾಗಿ ಕರಗಿಹೋದರೆ ಸುಳ್ಳುಗೆರೆಯೆಂದು ಶಂಕಿಸಬೇಕು. ನಿಂತ ಮರಕ್ಕೆ ಬೈರಿಗೆ ಹಾಕಿ ತೆಗೆಯುವ ಕಡ್ಡಿಯಷ್ಟು ತೆಳುವಾದ ತುಣುಕಿನಲ್ಲಿ ಇಂತಹ ಪರೀಕ್ಷೆಗೆ ಅವಕಾಶವಿಲ್ಲ. ಮೋಟಿನ ಪೂರ್ಣಮುಖದ ಚಿತ್ರದಲ್ಲಿದೆ.

ಮರ ಒಣಗುವಾಗ ಕುಗ್ಗುತ್ತದೆಂಬುದನ್ನೂ ಮರೆಯುವಂತಿಲ್ಲ. ತೇಗವು ಅಳತೆಯ ದಿಕ್ಕಿನಲ್ಲಿ ನೂರಕ್ಕೆ ಎರಡು ಮೂರರಷ್ಟು ಕುಗ್ಗುವುದು. ಹಸಿಯೋ ಒಣಗಿದ್ದೋ ಎಂದು ಬರೆಯದೆ ಮಿಲಿಮೀಟರಿನ ನೂರನೆಯ ಪಾಲನ್ನು ಹೇಳಿದರೆ ಅದು ಅಂಕಿಗಳ ಆಡಂಬರವಷ್ಟೆ. ಮರ ಬಿದ್ದ ತಿಂಗಳು ಅದಕ್ಕಿಂತ ಮುಖ್ಯ. ಬೇಸಗೆಯಲ್ಲಿ ಕಡಿದ ತೇಗದ ಹೊರ ಉಂಗುರ ಹಿಂದಿನ ವರ್ಷದ ಮಳೆಗಾಲದ್ದು. ಆಷಾಢದಲ್ಲಿ ಬಿದ್ದುದರ ಹೊರ ಉಂಗುರ ಆ ವರ್ಷದ್ದೇ, ಅರ್ಧಕ್ಕೆ ನಿಂತದ್ದು. ತೊಗಟೆ ಚಿತ್ರದಲ್ಲಿ ಇರಲೇಬೇಕು. ಹಳೆಯ ಮನೆಗಳ ಕಂಬ ತೊಲೆಗಳಲ್ಲಿ ಬಡಗಿ ಹೊರಗಿನ ಬಿಳಿಯ ಮರವನ್ನು ಕೆತ್ತಿ ತೆಗೆದು ಕೆಚ್ಚನ್ನು ಮಾತ್ರ ಉಳಿಸಿರುತ್ತಾನೆ. ಕೆಚ್ಚೆದೆ ಎಂಬ ಮಾತನ್ನು ನಮಗೆ ಕೊಟ್ಟ ಆ ಗಟ್ಟಿಮರ ಬಾಳುತ್ತದೆ, ನಿಜ. ಆದರೆ ಕೊನೆಯ ಎಷ್ಟು ವರ್ಷಗಳು ಕೆತ್ತಿಹೋದವೆಂದು ಅದು ಹೇಳಲಾರದು.

ನೀರಿನಲ್ಲಿ ನಿಂತ ಸಾಕ್ಷಿಗಳು

೧೯೬೪ರಲ್ಲಿ ಎರಡು ಘಟನೆಗಳು ನಡೆದವು. ಅಮೆರಿಕದ ನೆವಾಡದ ಬೆಟ್ಟವೊಂದರಲ್ಲಿ ಡೊನಾಲ್ಡ್ ಕರಿ ಎಂಬ ವಿದ್ಯಾರ್ಥಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಅಭ್ಯಾಸಕ್ಕಾಗಿ ಒಂದು ಮುದಿ ಪೈನ್ ಮರವನ್ನು ಕಡಿಸಿದನು. ಎಣಿಸಿ ನೋಡಿದಾಗ ಉಂಗುರಗಳು ೪,೮೦೦ಕ್ಕೂ ಮೀರಿದ್ದುವು. ಅಷ್ಟು ವಯಸ್ಸಿನ ಬೇರೊಂದು ಮರ ಅಂದಿನವರೆಗೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎಣಿಸುವುದಕ್ಕಾಗಿ ಕಡಿದ ಆ ಮರದ ಕಥೆ ಈ ಶಾಸ್ತ್ರಕ್ಕೆ ಇಂದಿಗೂ ಒಂದು ಪಾಠ. ಅದೇ ವರ್ಷ ನಮ್ಮಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿ ತನ್ನ ಕಣಿವೆಯ ಕಾಡನ್ನೂ ಊರುಗಳನ್ನೂ ತುಂಬಿಕೊಂಡಳು. ಆ ಮರಗಳನ್ನು ಎಣಿಸಿದವರಿಲ್ಲ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹೊನ್ನೆಮರಡು ಮುಂತಾದ ಕಡೆ ಬೂದಿಬಣ್ಣದ ಕೊರಡುಗಳು ಇಂದಿಗೂ ತಲೆಯೆತ್ತಿ ನಿಲ್ಲುತ್ತವೆ. ಅವು ಸತ್ತ ಕಾಲ ನಮಗೆ ಗೊತ್ತು. ಹುಟ್ಟಿದ ಕಾಲವನ್ನು ಅವುಗಳ ಒಡಲೇ ಹೇಳಬೇಕು. ಹೊರ ಅಂಚು ಸವೆಯದೆ ಉಳಿದ ಕೊರಡೊಂದು ದೊರೆತರೆ ಅದರ ಕೊನೆಯ ಉಂಗುರಕ್ಕೆ ಇಸವಿಯನ್ನು ಹುಡುಕಿ ಅಲೆಯಬೇಕಾಗಿಲ್ಲ. ತೇಲುವ ಗಣನೆಗೆ ಲಂಗರು ನೀರಿನಲ್ಲಿಯೇ ಇದೆ.

ಜೀವಂತ ಮರವನ್ನು ಎಣಿಕೆಗಾಗಿ ಯಾರೂ ಕಡಿಯಬೇಕಾಗಿಲ್ಲ, ಕಡಿಯಲೂ ಬಾರದು. ಬೈರಿಗೆ ಹಾಕುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿಗೆ ಉರುಳುವ, ರಸ್ತೆ ಅಗಲಿಸುವಾಗ ಕಡಿಯುವ, ಅನುಮತಿ ಪಡೆದು ಹಿಡುವಳಿಯಲ್ಲಿ ಕೊಯ್ಯುವ ಮರಗಳೇ ಸಾಕಷ್ಟಿವೆ. ಅಂತಹ ಮರದ ಬಳಿ ಶಾಲೆಯ ಮೇಷ್ಟರೂ ನಾಲ್ವರು ಮಕ್ಕಳೂ ಅರ್ಧ ದಿನ ಕಳೆದರೆ ಸಾಕು. ಒಂದು ಪಟ್ಟಿಯಷ್ಟು ಮೈಯನ್ನು ನಯಮಾಡಿ, ಎರಡು ಅಳತೆಪಟ್ಟಿಗಳನ್ನಿಟ್ಟು, ಮೊಬೈಲನ್ನು ಮರದ ಮೈಗೆ ಸಮನಾಗಿ ಹಿಡಿದು, ನಡುವಿನಿಂದ ತೊಗಟೆಯವರೆಗೆ ಒಂದರ ಮೇಲೊಂದು ಹಾಯುವ ಚಿತ್ರಗಳನ್ನು ಎರಡು ದಿಕ್ಕುಗಳಲ್ಲಿ ತೆಗೆಯಲಿ. ಮರದ ಹೆಸರು, ಊರು, ಬಿದ್ದ ದಿನ, ನೆಲದಿಂದ ಕೊಯ್ದ ಎತ್ತರ ಇವಿಷ್ಟನ್ನು ಬರೆದಿಡಲಿ. ಅಳೆಯುವವರು ನಾಳೆ ಬರಬಹುದು, ಇಪ್ಪತ್ತು ವರ್ಷದ ಮೇಲೂ ಬರಬಹುದು. ಚಿತ್ರ ಸರಿಯಾಗಿದ್ದರೆ ಕಾಯುತ್ತದೆ. ಮೋಟು ಕಾಯುವುದಿಲ್ಲ, ಮುಂದಿನ ಮಳೆಗಾಲ ಅದನ್ನು ಅಳಿಸಲು ತೊಡಗುತ್ತದೆ.